ಕಾರ್ನಿಯಾ ಹಾಕ್ಸಿ ಎರಡೇ ವರ್ಷ, ಸೆಲ್ ಕೌಂಟ್ 780ಕ್ಕೆ ಇಳಿದಿದೆ, ಯಾಕೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನ್ನ ತಂಗಿಗೆ 36 ವರ್ಷ, ಬಲಗಣ್ಣಿಗೆ ಡಿಸೆಕ್ ಆಪರೇಶನ್ (ದಾನಿ ಕಾರ್ನಿಯಾದ ಒಳಪದರ ಮಾತ್ರ ಹಾಕೋದು) ಆಗಿದೆ, ಕಾಯಿಲೆ ಫ್ಯೂಕ್ಸ್ (ಆ ಒಳಪದರದ ಸೆಲ್‌ಗಳು ತಾವಾಗೇ ಸಾಯೋದು) ಅಂತ ಚೀಟೀಲಿ ಬರ್ದಿದ್ರು. ದಾನಿ ಕಣ್ಣಿನ ಸೆಲ್ ಕೌಂಟ್ ಒಂದು ಚದರ ಮಿಲಿಮೀಟರ್‌ಗೆ 2600 ಇತ್ತಂತೆ, ವರ್ಷಕ್ಕೆ 1500 ಆಯ್ತು, ಈಗ 780. ಡ್ರಾಪ್ಸ್ ಒಂದಿನಾನೂ ತಪ್ಪಿಸಿಲ್ಲ. ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿನ ಪಾಪೆ ಮಾತ್ರ ಮೊದಲಿಂದ್ಲೂ ಒಂದು ಕಡೆಗೆ ಎಳ್ಕೊಂಡಂಗಿದೆ. ನಮ್ಮಿಂದ ಏನಾದ್ರೂ ತಪ್ಪಾಯ್ತಾ?

ಉತ್ತರ: ನಿಮ್ಮಿಂದ ಏನೂ ತಪ್ಪಾಗಿಲ್ಲ ಕಣಮ್ಮ, ಅದನ್ನ ಮೊದಲು ತಲೆಯಿಂದ ತೆಗೀರಿ. ಕಾರ್ನಿಯಾದ ಒಳಪದರದ ಈ ಸೆಲ್‌ಗಳು ನೀರನ್ನ ಹೊರಗೆ ಪಂಪ್ ಮಾಡಿ ಕಾರ್ನಿಯಾನ ತಿಳಿಯಾಗಿ ಇಡ್ತವೆ, ಸತ್ರೆ ಹೊಸದು ಹುಟ್ಟಲ್ಲ, ಪಕ್ಕದವು ಅಗಲ ಆಗಿ ಜಾಗ ತುಂಬ್ತವೆ ಅಷ್ಟೆ. ಕಸಿ ಆದ್ಮೇಲೆ ಎಲ್ಲರಿಗೂ ಕಮ್ಮಿ ಆಗತ್ತೆ, ಪೂರ್ತಿ ದಪ್ಪದ ಕಸೀಲಿ ಐದು ವರ್ಷಕ್ಕೆ ನೂರಕ್ಕೆ ಸುಮಾರು 70 ಹೋಗಿರೋದು ದೊಡ್ಡ ಅಧ್ಯಯನದಲ್ಲೇ ಕಂಡಿದೆ. ಹಾಗಾಗಿ ಮೊದಲ ವರ್ಷದ 1500 ನೋಡಿ ನಾನು ಗಾಬರಿ ಆಗಲ್ಲ, ಎರಡನೇ ವರ್ಷ ಮತ್ತೆ ಅರ್ಧಕ್ಕೆ ಬಿದ್ದಿದೆಯಲ್ಲ, ಅದಕ್ಕೆ ಕಾರಣ ಹುಡುಕ್ಲೇಬೇಕು.

ಫ್ಯೂಕ್ಸ್ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರತ್ತೆ, ಪಾಪೆ ಎಳೆಯಲ್ಲ. ಸಣ್ಣ ವಯಸ್ಸಿನ ಹೆಣ್ಮಗಳು, ಒಂದೇ ಕಣ್ಣು, ಪಾಪೆ ಓರೆ, ಇಷ್ಟು ಕೇಳಿದ ತಕ್ಷಣ ನನಗೆ ಐಸಿಇ ಸಿಂಡ್ರೋಮ್ ನೆನಪಾಗತ್ತೆ, ಅಪರೂಪದ್ದು. ಅದ್ರಲ್ಲಿ ಕಣ್ಣಿನದೇ ಕೆಟ್ಟ ಸೆಲ್‌ಗಳು ಐರಿಸ್ (ಪಾಪೆ ಸುತ್ತಲಿನ ಬಣ್ಣದ ಭಾಗ) ಮೇಲೆ, ಕಣ್ಣೊಳಗಿನ ನೀರು ಇಳಿಯೋ ಮೂಲೆ ಮೇಲೆ ಹಬ್ಬಿ ಕಣ್ಣಿನ ಪ್ರೆಶರ್ ಏರಿಸ್ತವೆ, ಕಸಿ ಬೇಗ ಸೋಲೋದು ಇದ್ರಲ್ಲಿ ಜಾಸ್ತಿ. ನೋಡದೆ ಇದೇ ಅಂತ ಹೇಳಕ್ಕಾಗಲ್ಲ. ಆಪರೇಶನ್‌ಗೆ ಮುಂಚಿನ ಸ್ಪೆಕ್ಯುಲರ್ ಫೋಟೋ (ಒಳಪದರದ ಸೆಲ್‌ಗಳ ಚಿತ್ರ) ಇದ್ರೆ ಹುಡುಕಿ ತಗೊಂಡ್ಹೋಗಿ, ಗೋನಿಯೋಸ್ಕೋಪಿ, ಅಂದ್ರೆ ಆ ನೀರು ಇಳಿಯೋ ಮೂಲೆ ನೋಡೋ ಪರೀಕ್ಷೆ, ಮಾಡಿಸಿ.

ಪ್ರಶ್ನೆ: ಪ್ರೆಶರ್ ಹೋದ್ಸಲ 27 ಇತ್ತು ಮೇಡಂ, ಸ್ಟೀರಾಯ್ಡ್ ಡ್ರಾಪ್ಸ್‌ನಿಂದ ಅಂದ್ರು. ನಿಲ್ಲಿಸಿಬಿಡ್ಲಾ?

ಉತ್ತರ: ಬೇಡ ಬೇಡ, ನೀವಾಗೇ ನಿಲ್ಲಿಸಬೇಡಿ, ಮೈ ಕಸೀನ ಒಪ್ಪದೆ ರಿಜೆಕ್ಷನ್ ಆದ್ರೆ ಇರೋ 780ನೂ ಹೋಗತ್ತೆ. ಸ್ಟೀರಾಯ್ಡ್‌ನಿಂದ್ಲೂ ಏರಬಹುದು, ಐಸಿಇಯಿಂದ್ಲೂ ಏರಬಹುದು, ಸಿಎಂವಿ ಅನ್ನೋ ವೈರಸ್ ಒಳಪದರಕ್ಕೆ ಬಂದ್ರೂ ಪ್ರೆಶರ್ ಏರಿ ಸೆಲ್ ಸಾಯ್ತವೆ, ಅದು ರಿಜೆಕ್ಷನ್ ಥರಾನೇ ಕಾಣೋದ್ರಿಂದ ಸ್ಟೀರಾಯ್ಡ್ ಮೇಲೆ ಸ್ಟೀರಾಯ್ಡ್ ಹಾಕ್ತಾ ಹೋಗ್ತಾರೆ. ಅನುಮಾನ ಬಂದ್ರೆ ಕಣ್ಣೊಳಗಿನ ನೀರು ಒಂಚೂರು ತೆಗೆದು ಪಿಸಿಆರ್ ಅನ್ನೋ ವೈರಸ್ ಪತ್ತೆ ಟೆಸ್ಟ್ ಮಾಡ್ತಾರೆ, ಸಿಎಂವಿ ಸಿಕ್ರೆ ಗ್ಯಾನ್‌ಸಿಕ್ಲೋವಿರ್ ಔಷಧಿ ಇದೆ. ಈ ವಾರದಲ್ಲೇ ಕಾರ್ನಿಯಾ ಡಾಕ್ಟ್ರನ್ನೂ ಗ್ಲಾಕೋಮಾ ಡಾಕ್ಟ್ರನ್ನೂ ಇಬ್ರನ್ನೂ ನೋಡಿ. 780 ಇದ್ರೂ ಕಾರ್ನಿಯಾ ತಿಳಿಯಾಗಿರಬಹುದು, 500ಕ್ಕಿಂತ ಕೆಳಗೆ ಹೋದ್ರೆ ಊತ ಬರೋ ಭಯ. ಬೆಳಿಗ್ಗೆ ಎದ್ದಾಗ ಮಂಜು, ಕೆಂಪು, ನೋವು ಕಂಡ್ರೆ ವಾರ ಕಾಯಬೇಡಿ, ಅವತ್ತೇ ಹೋಗಿ.