ಅಪ್‌ಡೇಟ್: ಮಗಳ ಡ್ಯಾನ್ಸ್ ಲಂಗ ಮುಗೀತು

ಕೋಲಾಟಕ್ಕೆ ಹೊಲಿದ ಫುಲ್ ಸರ್ಕಲ್ (ಪೂರ್ತಿ ದುಂಡಗೆ ಕತ್ತರಿಸಿದ) ಲಂಗದ ಅಂಚು ನಾಲ್ಕು ಕಡೆ ಜೋತು ಬೀಳ್ತಿದೆ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೆ. ಕತ್ತರಿಸಿದ್ದು ಸರಿಯೇ ಇತ್ತು. ಸೊಂಟ 24 ಇಂಚು, ಅದನ್ನ 6.28ರಿಂದ (ಅಂದ್ರೆ 2π) ಭಾಗಿಸಿ 3.8 ಇಂಚು ತ್ರಿಜ್ಯದ ಒಳಸುತ್ತು, ಉದ್ದ 30 ಇಂಚು.

ನೇತು ಹಾಕದೆ ಅವತ್ತೇ ಅಂಚು ಮಡಚಿದ್ದೇ ತಪ್ಪು. ಬಟ್ಟೆ ಕ್ರಾಸ್ ಬರೋ ಕಡೆ, ಅಂದ್ರೆ ನೇಯ್ಗೆಗೆ ಓರೆಯಾಗಿರೋ ಕಡೆ, ತನ್ನ ಭಾರಕ್ಕೇ ಇಳಿಯುತ್ತೆ ಅಂತ ಒಬ್ಬ ಅಕ್ಕ ಬರೆದಿದ್ರು. ಅವರಿಗೆ ತುಂಬಾ ಥ್ಯಾಂಕ್ಸ್.

ಹೊಲಿಗೆ ಬಿಚ್ಚಿದೆ. ಲಂಗದ ಸೊಂಟದ ಬೆಲ್ಟಿನ ಸುತ್ತ ಕ್ಲಿಪ್ ಹಾಕಿ ಎರಡು ದಿನ ತೂಗುಬಿಟ್ಟೆ. ಆಮೇಲೆ ಮಗಳಿಗೆ ಲಂಗ ಉಡಿಸಿ, ಗೆಜ್ಜೆನೂ ಕಟ್ಟಿಸಿ, ಸ್ಟೂಲ್ ಮೇಲೆ ನಿಲ್ಲಿಸಿದೆ. ಸ್ಟೂಲಿನಿಂದ ಮೇಲಕ್ಕೆ ಸ್ಕೇಲ್ ಹಿಡಿದು ಸುತ್ತಲೂ ಚಾಕ್ ಗುರುತು. ಕ್ರಾಸ್ ಕಡೆ ಒಂದೂವರೆ ಇಂಚು ಇಳಿದಿತ್ತು! ಅಷ್ಟನ್ನೂ ಕತ್ತರಿಸಿದೆ. ಮಗು ಅಲುಗಾಡದೆ ನಿಂತಿದ್ದೇ ದೊಡ್ಡ ಉಪಕಾರ.

ಕೆಳ ಅಂಚಿನ ಸುತ್ತಳತೆ ಹತ್ತಿರ ಹತ್ತಿರ ಐದೂವರೆ ಮೀಟರ್. ಅಗಲವಾಗಿ ಮಡಚಿದ್ರೆ ಸುಕ್ಕು ಬರುತ್ತೆ, ಅದಕ್ಕೆ ಕಾಲಿಂಚು ಮಡಿಕೆ ಸಾಕು. ಜರಿ ಅಂಚನ್ನ ದೇವರಾಜ ಅರಸು ರಸ್ತೆಯಿಂದ ತಂದಿದ್ದೆ, ಆದರೆ ನೇರ ಪಟ್ಟಿ ದುಂಡಗೆ ಬಾಗಲ್ಲ. ಅದನ್ನ ಬೆಲ್ಟಿಗೆ ಹಾಕಿದೆ, ಚೆನ್ನಾಗಿ ಒಪ್ಪಿದೆ.

ನಿನ್ನೆ ಸಂಜೆ ಹಜಾರದಲ್ಲಿ ಒಂದು ಸುತ್ತು ತಿರುಗಿದಳು. ಲಂಗ ತಟ್ಟೆಯ ಹಾಗೆ ಸಮವಾಗಿ ಎದ್ದಿತು. ನನಗೆ ಕಣ್ಣು ತುಂಬಿ ಬಂತು.