ಹಳೆಯ ಮಿನಿ ಲಾರಿಯ ಮಡ್‌ಗಾರ್ಡ್ ಒಳಗಿನ ತುಕ್ಕು: ಸಲಹೆ ಬೇಕು

ಮಾನ್ಯರೇ, ಮಲ್ಪೆಯಿಂದ ಮೀನು ಸಾಗಿಸುವ ನಮ್ಮ 2008ರ ಮಾದರಿಯ ಮಿನಿ ಲಾರಿಯ ಹಿಂದಿನ ಮಡ್‌ಗಾರ್ಡ್‌ಗಳ ಒಳಭಾಗಕ್ಕೆ ತುಕ್ಕು ಹಿಡಿದಿದೆ. ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ಕೆಸರಿನೊಂದಿಗೆ ಸೇರಿ ತಗಡಿನ ಮಡಿಕೆಯಲ್ಲಿ ಕುಳಿತಿರುವುದರಿಂದ, ಹೊರಗಿನ ಬಣ್ಣ ಚೆನ್ನಾಗಿಯೇ ಕಂಡರೂ ಸ್ಕ್ರೂಡ್ರೈವರ್‌ನಿಂದ ಕೆದಕಿದರೆ ಹಪ್ಪಳದಂತಹ ಪದರಗಳು ಉದುರುತ್ತವೆ. ಚೆನ್ನಾಗಿ ತೊಳೆಸಿ, ಒಣಗಿಸಿ, ವೈರ್ ಬ್ರಷ್‌ನಿಂದ ಸಡಿಲ ತುಕ್ಕನ್ನೆಲ್ಲ ತೆಗೆದ ಮೇಲೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರಾವಣ) ಹಚ್ಚುವುದೆಂದು ತೀರ್ಮಾನಿಸಿದ್ದೇನೆ. ಅದರ ಮೇಲೆ ಜಿಂಕ್ (ಸತು) ಪ್ರೈಮರ್ ಸಾಕೆಂದು ಪೇಂಟರ್ ಹೇಳುತ್ತಾರೆ. ಆದರೆ ಸತುವು ಬರಿಯ ಉಕ್ಕಿಗೆ ನೇರವಾಗಿ ತಾಗಿದಾಗಲೇ ಪೂರ್ಣ ರಕ್ಷಣೆ ಕೊಡುವುದರಿಂದ, ಕನ್ವರ್ಟರ್ ಪದರ ಅಡ್ಡ ಬರುವ ಇಲ್ಲಿ ಎಪಾಕ್ಸಿ (ತೇವ ಒಳಹೋಗದಂತೆ ಮುಚ್ಚುವ ರಾಳದ) ಪ್ರೈಮರೇ ಸರಿಯೆಂಬುದು ನನ್ನ ಅನಿಸಿಕೆ. ಅನುಭವಿಗಳು ದಯವಿಟ್ಟು ತಿಳಿಸಬೇಕು. ಬ್ರಷ್ ತಲುಪದ ಮಡಿಕೆಗಳಿಗೆ ಮೇಣದ ಸ್ಪ್ರೇ ಹೊಡೆಸಿದವರಿದ್ದರೆ, ಅದು ಕರಾವಳಿಯ ಒಂದು ಮಳೆಗಾಲವನ್ನಾದರೂ ತಡೆದುಕೊಂಡಿತೇ ಎಂಬುದನ್ನೂ ಬರೆಯಿರಿ.