ದಸರಾ ಸೂಟಿಯಲ್ಲಿ ಒಂದು ವಾರ ಬೆಂಗಳೂರು: ಮೊದಲ ಸಲ ಬರುವವರಿಗೆ ಏನು ಹೇಳುತ್ತೀರಿ?

ಎಲ್ಲರಿಗೂ ನಮಸ್ಕಾರ. ನಾವು ಕೊಪ್ಪಳದವರು. ದಸರಾ ಸೂಟಿಯೊಳಗ ಶನಿವಾರ ಬೆಳಿಗ್ಗೆ ಬೆಂಗಳೂರಿಗೆ ಬಂದು ಮುಂದಿನ ಶುಕ್ರವಾರ ರಾತ್ರಿ ಬಸ್ಸಿಗೆ ವಾಪಸ್ ಹೊಂಡೋದು ಅಂತ ಮಾಡೀವಿ. ಐದು ಮಂದಿ: ನಾವಿಬ್ಬರು, ಒಂಬತ್ತು ವರ್ಷದ ಮಗ, ಅಪ್ಪ, ಅವ್ವ. ಅಪ್ಪಗ ಮೊಣಕಾಲು ನೋವು, ಮೆಟ್ಟಿಲು ಹತ್ತೋದು ಆಗಂಗಿಲ್ಲ. ಯಾರೂ ಬೆಂಗಳೂರು ನೋಡಿಲ್ಲ. ಲಾಲ್‌ಬಾಗ್, ವಿಧಾನಸೌಧ, ಬನ್ನೇರುಘಟ್ಟ ಬೇಕಾಗ್ಯಾವ. ಅವ್ವಗ ಗುಡಿ, ಮಗಗ ಸೈನ್ಸ್ ಮ್ಯೂಸಿಯಂ. ರೂಮ್ ಎಲ್ಲಿ ಮಾಡೋದು, ಯಾವ ದಿನ ಯಾವ ಕಡೆ ಹೋಗೋದು, ಕಾರು ಬಾಡಿಗಿ ಚಲೋನೋ ಮೆಟ್ರೋ ಚಲೋನೋ? ತಿಳಿದವರು ಹೇಳ್ರಿ.

ಬಸವನಗುಡಿಯಿಂದ:

ನೋಡುವ ಜಾಗಗಳ ಪಟ್ಟಿಗಿಂತ ಮೊದಲು ವಾರದ ರಜೆಗಳನ್ನು ಬರೆದುಕೊಳ್ಳಿ. ಹೊಸಬರ ಅರ್ಧ ದಿನ ಹಾಳಾಗುವುದು ಇಲ್ಲೇ. ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ. ನೆಹರು ತಾರಾಲಯಕ್ಕೆ ಸೋಮವಾರ, ಜೊತೆಗೆ ತಿಂಗಳ ಎರಡನೇ ಮಂಗಳವಾರ. ತಿಂಡಿಯ ಹೋಟೆಲುಗಳಲ್ಲಿ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಭಾನುವಾರ. ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲೂ ಬಹುಪಾಲು ಭಾನುವಾರ ಬಾಗಿಲು ಹಾಕಿರುತ್ತವೆ. ಆಯುಧಪೂಜೆ, ವಿಜಯದಶಮಿ ನಿಮ್ಮ ವಾರದಲ್ಲೇ ಬಂದರೆ ಆ ಎರಡು ದಿನದ ಮಟ್ಟಿಗೆ ಎಲ್ಲಿಗೇ ಹೋಗುವುದಾದರೂ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ.

ಎರಡನೆಯದು, ದಿನಕ್ಕೆ ಒಂದೇ ದಿಕ್ಕು. ಬೆಳಿಗ್ಗೆ ಇಸ್ಕಾನ್, ಮಧ್ಯಾಹ್ನ ಲಾಲ್‌ಬಾಗ್, ಸಂಜೆ ಎಂ.ಜಿ. ರಸ್ತೆ ಅಂತ ಹಾಕಿಕೊಂಡರೆ ನೋಡಿದ್ದಕ್ಕಿಂತ ಸಿಗ್ನಲ್ಲಿನಲ್ಲಿ ನಿಂತದ್ದೇ ಹೆಚ್ಚಾಗುತ್ತದೆ. ನಿಮ್ಮ ವಾರಕ್ಕೆ ಹೀಗೆ ಹೊಂದಿಸಬಹುದು. ಶನಿವಾರ, ಹಿಂದಿನ ರಾತ್ರಿಯ ಪ್ರಯಾಣದ ಆಯಾಸ ಇರುತ್ತದೆ, ಮಧ್ಯಾಹ್ನದವರೆಗೆ ಮಲಗಿ, ಸಂಜೆ ರೂಮಿನ ಹತ್ತಿರ ಮಾತ್ರ ತಿರುಗಾಡಿ. ಭಾನುವಾರ ಕಬ್ಬನ್ ಪಾರ್ಕ್, ಮ್ಯೂಸಿಯಂ, ವಿಧಾನಸೌಧ. ಸೋಮವಾರ ಮಲ್ಲೇಶ್ವರ. ಮಂಗಳವಾರ ಲಾಲ್‌ಬಾಗ್ ಮತ್ತು ಬಸವನಗುಡಿ. ಬುಧವಾರ ಬನ್ನೇರುಘಟ್ಟ. ಗುರುವಾರ ಬೆಳಿಗ್ಗೆ ಕೋಟೆ ಕಡೆ, ಆಮೇಲೆ ಸೀರೆ ಅಂಗಡಿ. ಶುಕ್ರವಾರ ತಾರಾಲಯ, ರಾತ್ರಿ ಬಸ್ಸು.

ಭಾನುವಾರವೇ ಕಬ್ಬನ್ ಪಾರ್ಕ್ ಯಾಕೆಂದರೆ ಅವತ್ತು ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಹುಡುಗ ನಿರಾಳವಾಗಿ ಓಡಾಡಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಪಾರ್ಕಿಗೆ ಹೊಂದಿಕೊಂಡೇ ಇದೆ, ಬೆಳಿಗ್ಗೆ 9:30ಕ್ಕೆ ತೆರೆಯುತ್ತದೆ. ಒಂಬತ್ತು ವರ್ಷದ ಮಗುವಿಗೆ ಅಲ್ಲಿ ಮೂರು ಗಂಟೆ ಬೇಕೇ ಬೇಕು: ಮುಟ್ಟಿ, ತಿರುಗಿಸಿ ನೋಡುವ ಯಂತ್ರಗಳಿವೆ, ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಮಾದರಿ ಇದೆ. ಲಿಫ್ಟ್ ಎಲ್ಲಿದೆ ಅಂತ ಕೌಂಟರಿನಲ್ಲೇ ಕೇಳಿ. ಸಂಜೆ ಕತ್ತಲಾದ ಮೇಲೆ ವಿಧಾನಸೌಧದ ಮುಂದೆ ಬನ್ನಿ, ಭಾನುವಾರ ದೀಪಾಲಂಕಾರ ಇರುತ್ತದೆ. ಎದುರಿಗೇ ಕೆಂಪು ಬಣ್ಣದ ಹೈಕೋರ್ಟು. ವಿಧಾನಸೌಧದ ಒಳಗೆ ಹೋಗಲು ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸುವ ಮಾರ್ಗದರ್ಶಿ ನಡಿಗೆ 2025ರಲ್ಲಿ ಶುರುವಾಗಿದೆ. ನಿಂತು ನಡೆಯುವ ಕೆಲಸ ಅದು, ತಂದೆಯವರನ್ನು ಅದಕ್ಕೆ ಸೇರಿಸಬೇಡಿ.

ರಾಜಾಜಿನಗರದಿಂದ:

ಬಸ್ಸಲ್ಲಿ ಬರೋದಾದ್ರೆ ಮೆಜೆಸ್ಟಿಕ್ ತನಕ ಕೂತಿರಬೇಡಿ. ನಿಮ್ಮ ಬಸ್ಸು ತುಮಕೂರು ರಸ್ತೆಯಲ್ಲೇ ಊರೊಳಗೆ ಬರುತ್ತೆ. ದಾಸರಹಳ್ಳಿ, ಜಾಲಹಳ್ಳಿ, ಗೊರಗುಂಟೆಪಾಳ್ಯ, ಯಶವಂತಪುರ ಎಲ್ಲ ಕಡೆ ರಸ್ತೆ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೋ ನಿಲ್ದಾಣ ಇದೆ. ಅಲ್ಲೇ ಇಳಿದು ಮೆಟ್ರೋ ಹಿಡಿದ್ರೆ ಮೆಜೆಸ್ಟಿಕ್, ಲಾಲ್‌ಬಾಗ್, ಜಯನಗರ ಎಲ್ಲಕ್ಕೂ ನೇರ ಗಾಡಿ. ಶನಿವಾರ ಬೆಳಿಗ್ಗೆ 5ಕ್ಕೆಲ್ಲ ಗಾಡಿ ಶುರು, ಭಾನುವಾರ ಮಾತ್ರ 7ಕ್ಕೆ. ನಾಲ್ಕೂವರೆಗೇ ಬಸ್ಸು ಇಳಿಸಿದ್ರೆ ಅರ್ಧ ಗಂಟೆ ಕಾಯಿರಿ, ಆ ಹೊತ್ತಲ್ಲಿ ಆಟೋಗೆ ಒಂದೂವರೆ ಪಟ್ಟು ದರ.

ರೈಲಲ್ಲಿ ಬರೋರು ಟಿಕೆಟ್ಟಲ್ಲಿ ನಿಲ್ದಾಣದ ಹೆಸರು ಸರಿಯಾಗಿ ಓದ್ಕೊಳ್ಳಿ. ಕೆ.ಎಸ್.ಆರ್. ಅಂದ್ರೆ ಮೆಜೆಸ್ಟಿಕ್. ಎಸ್.ಎಂ.ವಿ.ಟಿ. ಅಂದ್ರೆ ಬೈಯಪ್ಪನಹಳ್ಳಿ ಕಡೆಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಅದರ ಬಾಗಿಲಿಗೆ ಮೆಟ್ರೋ ಇಲ್ಲ. ಎರಡೂ ಒಂದೇ ಅಂದ್ಕೊಂಡು ವಾಪಸ್ ಹೋಗುವ ರೈಲು ತಪ್ಪಿಸಿಕೊಳ್ಳೋರು ಬಹಳ.

ಮೆಟ್ರೋ ಟಿಕೆಟ್: ನಮ್ಮ ಮೆಟ್ರೋ ಆಪ್‌ನಲ್ಲಿ ಅಥವಾ ವಾಟ್ಸಾಪಿನಲ್ಲಿ ಕ್ಯೂಆರ್ ಟಿಕೆಟ್ ತಗೊಂಡ್ರೆ ಆರು ಜನದವರೆಗೆ ಒಂದೇ ಟಿಕೆಟ್ ಸಾಕು. ಸ್ಮಾರ್ಟ್ ಕಾರ್ಡಿಗೆ ಶೇ. 5 ರಿಯಾಯಿತಿ ಇದೆ, ಆದ್ರೆ ಒಬ್ಬೊಬ್ಬರಿಗೂ ಬೇರೆ ಕಾರ್ಡು ಬೇಕು, ಒಂದು ವಾರಕ್ಕೆ ಐದು ಕಾರ್ಡು ವ್ಯರ್ಥ. ಗೇಟಿನಲ್ಲಿ ಮೊದಲು ಹಿರಿಯರನ್ನ, ಮಗುವನ್ನ ಬಿಟ್ಟು ಫೋನ್ ಹಿಡಿದೋರು ಕೊನೆಗೆ ಹೋಗಿ. ಅಪ್ಪನಿಗೆ ಎಲೆ ಅಡಿಕೆ ಅಭ್ಯಾಸ ಇದ್ರೆ ಮೆಟ್ಟಿಲ ಹತ್ತಿರವೇ ಬಾಯಿ ತೊಳೆಸಿ, ಒಳಗೆ ಉಗುಳಿದ್ರೆ ದಂಡ ಹಾಕ್ತಾರೆ.

ಜಯನಗರದಿಂದ:

ರೂಮು ಮೆಜೆಸ್ಟಿಕ್, ಗಾಂಧಿನಗರದಲ್ಲಿ ಮಾಡಬೇಡಿ. ಬಸ್ಸಿಗೆ ಹತ್ತಿರ ಅನ್ನುವುದೊಂದೇ ಲಾಭ. ರಾತ್ರಿಯೆಲ್ಲ ಗದ್ದಲ, ಫುಟ್‌ಪಾತಿನಲ್ಲಿ ಮೊಣಕಾಲು ನೋವಿನವರು ನಡೆಯಲಾಗದು. ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜಿನಿಂದ ಜಯನಗರದವರೆಗಿನ ಯಾವುದಾದರೂ ನಿಲ್ದಾಣದ ಹತ್ತಿರ ನೋಡಿ. ಬಾಡಿಗೆ ಸ್ವಲ್ಪ ಹೆಚ್ಚಿದ್ದರೂ ಓಡಾಟದ ಖರ್ಚಿನಲ್ಲಿ ಅದು ಉಳಿಯುತ್ತದೆ. ಬುಕ್ ಮಾಡುವ ಮುಂಚೆ ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ: ಲಿಫ್ಟ್ ನೆಲಮಹಡಿಯಿಂದಲೇ ಇದೆಯಾ, ಅಥವಾ ಆರು ಮೆಟ್ಟಿಲು ಹತ್ತಿದ ಮೇಲಾ? ಕಮೋಡ್ ಇದೆಯಾ? ಬಿಸಿನೀರು ಎಷ್ಟರಿಂದ ಎಷ್ಟು ಗಂಟೆ? ಚೆಕ್‌ಔಟ್ ಮಧ್ಯಾಹ್ನ ಹನ್ನೆರಡಕ್ಕೋ, ಬಂದ ಹೊತ್ತಿನಿಂದ 24 ಗಂಟೆಗೋ? ಕೊನೆಯದು ಬಹಳ ಮುಖ್ಯ. ಬೆಳಿಗ್ಗೆ ಆರಕ್ಕೆ ಬಂದು ಹನ್ನೆರಡರ ಲೆಕ್ಕದ ರೂಮಿಗೆ ಹೋದರೆ ಒಂದು ದಿನದ ದುಡ್ಡು ಹೆಚ್ಚು ಕೇಳುತ್ತಾರೆ, ಇಲ್ಲವೇ ಹೊರಗೆ ಕೂರಿಸುತ್ತಾರೆ.

ಕಾರಿನ ಪ್ರಶ್ನೆಗೆ ಉತ್ತರ: ವಾರಪೂರ್ತಿ ಬೇಡ. ಆದರೆ ನೀವು ಐದು ಜನ ಅನ್ನುವುದನ್ನು ಮರೆಯಬೇಡಿ. ಆಟೋದಲ್ಲಿ ಕಾನೂನು ಪ್ರಕಾರ ಮೂರೇ ಜನ. ಸಾಮಾನ್ಯ ಕ್ಯಾಬಿನಲ್ಲಿ ನಾಲ್ಕು, ಮಗು ಚಿಕ್ಕದು ಅಂದರೂ ಎಷ್ಟೋ ಚಾಲಕರು ಒಪ್ಪುವುದಿಲ್ಲ, ಬಂದ ಕ್ಯಾಬು ಹಾಗೇ ವಾಪಸ್ ಹೋಗುತ್ತದೆ. ಆಪಿನಲ್ಲಿ ಆರು ಸೀಟಿನ ದೊಡ್ಡ ಗಾಡಿಯನ್ನೇ ಆರಿಸಿ. ಎರಡು ಆಟೋ ಮಾಡಿದರೆ ಎರಡರಲ್ಲೂ ಫೋನಿರುವ ಒಬ್ಬರು ಕೂತು, ಎಲ್ಲಿ ಇಳಿಯಬೇಕು ಅಂತ ಗೇಟಿನ ಹೆಸರು ಸಮೇತ ಮಾತಾಡಿಕೊಳ್ಳಿ. ಬರೀ ಲಾಲ್‌ಬಾಗ್ ಅಂದರೆ ಸಾಲದು, ಅದಕ್ಕೆ ನಾಲ್ಕು ಗೇಟು.

ಆಟೋ ಮೀಟರಿನ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. 2025ರ ಆಗಸ್ಟಿನಿಂದ ಜಾರಿಗೆ ಬಂದ ದರ ಇದು. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ನಾಲ್ಕು ಕಿ.ಮೀ.ಗೆ 72 ಆಗಬೇಕು ಅಂತ ಲೆಕ್ಕ ಗೊತ್ತಿದ್ದರೆ, 200 ಕೇಳಿದವರ ಹತ್ತಿರ ಚೌಕಾಸಿ ಮಾಡುವ ಬದಲು ಮುಂದಿನ ಆಟೋ ನೋಡಬಹುದು.

ಇನ್ನೊಂದು ಸಣ್ಣ ಮಾತು, ಹನುಮಂತನಗರದಿಂದ:

ಮನೆಯ ಹೆಂಗಸರ ಆಧಾರ್ ಕಾರ್ಡಿನ ಮೂಲ ಪ್ರತಿ ಕೈಯಲ್ಲಿರಲಿ. ಕರ್ನಾಟಕದ ವಿಳಾಸ ಇದ್ದರೆ ಶಕ್ತಿ ಯೋಜನೆಯಲ್ಲಿ ಬಿ.ಎಂ.ಟಿ.ಸಿ. ಸಾಮಾನ್ಯ ಬಸ್ಸು ಉಚಿತ. ಎ.ಸಿ. ಇರುವ ವಜ್ರ ಬಸ್ಸಿಗೆ ಅನ್ವಯಿಸುವುದಿಲ್ಲ. ಉಚಿತ ಅಂತ ಸುಮ್ಮನೆ ಕೂರಬಾರದು, ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು.

ಬನಶಂಕರಿಯಿಂದ:

ಬನ್ನೇರುಘಟ್ಟಕ್ಕೆ ಮೆಜೆಸ್ಟಿಕ್‌ನಿಂದ 365 ನಂಬರಿನ ಬಸ್ಸು ಹಿಡೀರಿ ಅಂತ ಎಲ್ರೂ ಹೇಳ್ತಾರೆ. ತಪ್ಪಲ್ಲ, ಆದ್ರೆ ಊರೊಳಗಿನ ದಟ್ಟಣೆಯಲ್ಲೇ ಬಹಳ ಹೊತ್ತು ಹೋಗುತ್ತೆ. ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಹಳದಿ ಮಾರ್ಗಕ್ಕೆ ಬದಲಾಗಿ, ರಾಗಿಗುಡ್ಡ ಆದ್ಮೇಲೆ ಜಯದೇವದಲ್ಲಿ ಇಳೀರಿ. ಕೆಳಗೆ ಬನ್ನೇರುಘಟ್ಟ ರಸ್ತೆ, 365 ಅಲ್ಲಿಗೇ ಬರುತ್ತೆ. ಹತ್ತುವ ಮುಂಚೆ "ನ್ಯಾಷನಲ್ ಪಾರ್ಕ್ ಗೇಟಿಗೆ ಹೋಗುತ್ತಾ" ಅಂತ ಕೇಳಿ. ಅದೇ ನಂಬರಿನ ಕೆಲವು ಬಸ್ಸು ಪಾರ್ಕಿಗೆ ಹೋಗಲ್ಲ.

ಸೂಟಿ ದಿನ ಅಲ್ಲಿ ಕೆಡೋದು ಸಫಾರಿ ಸರದಿಯಲ್ಲಿ. ಹನ್ನೊಂದಕ್ಕೆ ತಲುಪಿದೋರು ಬಿಸಿಲಲ್ಲಿ ನಿಲ್ತಾರೆ. ಟಿಕೆಟ್ ಆನ್‌ಲೈನಲ್ಲಿ ತಗೊಂಡು ಒಂಬತ್ತೂವರೆಗೆ ಗೇಟಲ್ಲಿರಿ, ಮೊದಲು ಸಫಾರಿ, ಆಮೇಲೆ ಮೃಗಾಲಯ, ಕೊನೆಗೆ ಚಿಟ್ಟೆ ಪಾರ್ಕು. ಅಪ್ಪ ಸಫಾರಿ ಬಸ್ಸಲ್ಲಿ ಕೂತೇ ಎಲ್ಲ ನೋಡಬಹುದು, ಆದ್ರೆ ಮೃಗಾಲಯದ ನಡಿಗೆ ಉದ್ದ. ಕೋತಿ ಕಾಟ ಇದೆ, ತಿಂಡಿ ಕವರು ಕೈಯಲ್ಲಿ ತೂಗಾಡಿಸಬೇಡಿ. ಇದೊಂದು ದಿನಕ್ಕೆ ದೊಡ್ಡ ಕಾರು ಮಾಡಿದ್ರೂ ನ್ಯಾಯವೇ.

ಬಸವನಗುಡಿಯಿಂದ, ಮಂಗಳವಾರದ ವಿವರ:

ಲಾಲ್‌ಬಾಗ್ ಮೆಟ್ರೋದಲ್ಲಿ ಇಳಿದರೆ ಪಶ್ಚಿಮದ ಗೇಟು ಹತ್ತಿರ. ಏಳರೊಳಗೆ ಒಳಗಿದ್ದರೆ ಹಕ್ಕಿಗಳ ಸದ್ದು ಕೇಳಿಸುತ್ತದೆ, ಹತ್ತರ ಮೇಲೆ ಬರೀ ಜನ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, 240 ಎಕರೆ. ಇಡೀ ತೋಟ ಸುತ್ತುವ ಆಸೆ ಬೇಡ. ಬ್ಯಾಟರಿ ಗಾಡಿಯಲ್ಲಿ ಅಪ್ಪ ಅವ್ವ ಒಂದು ಸುತ್ತು ಬರಲಿ. 1889ರ ಗಾಜಿನ ಮನೆ ನೋಡಿ, ಹುಡುಗನನ್ನು ಕೆಂಪೇಗೌಡರ ಗೋಪುರ ಇರುವ ಬಂಡೆಯ ಮೇಲೆ ಹತ್ತಿಸಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಮೇಲೆ ನಿಂತಾಗಲೇ ಹೇಳಿ, ಮಕ್ಕಳಿಗೆ ಅದು ಕಾಲಡಿಗೇ ಸಿಗುವ ಪಾಠ.

ಗುಡಿಗಳು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮುಚ್ಚಿ ಸಂಜೆಗೆ ತೆರೆಯುತ್ತವೆ, ಅದಕ್ಕೇ ದೊಡ್ಡ ಗಣೇಶ, ದೊಡ್ಡ ಬಸವಣ್ಣನನ್ನು ಸಂಜೆಗೆ ಇಡಿ. ದೊಡ್ಡ ಬಸವಣ್ಣನಿಗೆ ಮೆಟ್ಟಿಲಿವೆ. ಅವ್ವನನ್ನು ನೀವು ಕರೆದುಕೊಂಡು ಹತ್ತಿ, ಅಪ್ಪ ಕೆಳಗೆ ಗಣೇಶನ ಗುಡಿಯಲ್ಲಿ ಕೂರಲಿ. ಅಲ್ಲಿಂದ ಗಾಂಧಿ ಬಜಾರು ಹತ್ತಿರ. ವಿದ್ಯಾರ್ಥಿ ಭವನ ನಡು ಮಧ್ಯಾಹ್ನ ಮುಚ್ಚಿರುತ್ತದೆ, ಸಂಜೆ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು.

ಮಲ್ಲೇಶ್ವರದಿಂದ:

ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿಳಿದು ಕಾಡು ಮಲ್ಲೇಶ್ವರನ ಗುಡಿಗೆ ನಡೆದೇ ಹೋಗಿ ಅಂತ ಯಾರಾದರೂ ಅಂದರೆ ಕೇಳಬೇಡಿ, ಮೊಣಕಾಲಿಗೆ ಆಗುವ ದೂರ ಅಲ್ಲ, ಆಟೋ ಮಾಡಿ. ಗುಡಿಯ ಎದುರಿಗೇ ನಂದಿತೀರ್ಥ ಇದೆ. ತಿಂಡಿಗೆ ವೀಣಾ ಸ್ಟೋರ್ಸ್‌ನಲ್ಲಿ ಕೂರಲು ಜಾಗವಿಲ್ಲ, ರಸ್ತೆ ಬದಿಯಲ್ಲಿ ನಿಂತೇ ತಿನ್ನಬೇಕು. ಅಪ್ಪ ಇರುವ ದಿನ ಸಿ.ಟಿ.ಆರ್. ಹೋಟೆಲಿನ ಬೆಣ್ಣೆ ಮಸಾಲೆ ದೋಸೆ ಮೇಲು, ಬೆಂಚು ಕುರ್ಚಿ ಸಿಗುತ್ತವೆ. ದರ್ಶಿನಿಗಳಲ್ಲೂ ಇದೇ ಸಮಸ್ಯೆ: ಮೊದಲು ಕ್ಯಾಷ್ ಕೌಂಟರಿನಲ್ಲಿ ಚೀಟಿ, ಆಮೇಲೆ ತಟ್ಟೆ, ಎತ್ತರದ ಮೇಜಿನ ಮುಂದೆ ನಿಂತು ಊಟ. ಇಲ್ಲಿನ ಸಾಂಬಾರು ನಿಮಗೆ ಸಿಹಿ ಅನಿಸಬಹುದು. ಎರಡು ದಿನ ಕಳೆದ ಮೇಲೆ ಹಿರಿಯರಿಗೆ ರೊಟ್ಟಿ ಬೇಕೆನಿಸಿದರೆ ಗಾಂಧಿನಗರ, ರಾಜಾಜಿನಗರ, ವಿಜಯನಗರದ ಕಡೆ ಜೋಳದ ರೊಟ್ಟಿ ಊಟದ ಖಾನಾವಳಿಗಳಿವೆ.

ವಿಜಯನಗರದಿಂದ:

ಮಳೆಯ ಬಗ್ಗೆ ಯಾರೂ ಹೇಳಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಜೋರು ಮಳೆಯ ತಿಂಗಳುಗಳು, ಅದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಹೊರಗಿನ ಜಾಗಗಳನ್ನು ಬೆಳಿಗ್ಗೆಯೇ ಮುಗಿಸಿ. ಮಳೆ ಶುರುವಾದ ಹತ್ತು ನಿಮಿಷಕ್ಕೆ ಆಪಿನಲ್ಲಿ ದರ ಏರುತ್ತೆ, ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತೆ, ಆಟೋದವರು ದೂರ ಬರಲ್ಲ. ಹತ್ತಿರದ ಮೆಟ್ರೋ ನಿಲ್ದಾಣದೊಳಗೆ ಸೇರಿಕೊಂಡು ರೂಮಿನ ನಿಲ್ದಾಣಕ್ಕೆ ಬಂದುಬಿಡಿ. ನಿಂತ ನೀರಲ್ಲಿ ಹಿರಿಯರನ್ನು ನಡೆಸಲೇಬೇಡಿ, ಚಪ್ಪಡಿ ಎಲ್ಲಿ ತೆರೆದಿದೆಯೋ ಕಾಣಲ್ಲ.

ಗುರುವಾರದ ಕೋಟೆ ಕಡೆಗೆ ಕೆ.ಆರ್. ಮಾರುಕಟ್ಟೆ ಮೆಟ್ರೋ. ಟಿಪ್ಪುವಿನ ಮರದ ಬೇಸಿಗೆ ಅರಮನೆ, ಪಕ್ಕದಲ್ಲೇ ಕೋಟೆ ವೆಂಕಟರಮಣ ಗುಡಿ. ಆಯುಧಪೂಜೆ ಹಿಂದಿನ ದಿನಗಳಾದರೆ ಮಾರುಕಟ್ಟೆಯೊಳಗೆ ಮಾತ್ರ ಕಾಲಿಡಬೇಡಿ. ಬೂದುಗುಂಬಳ, ಸೇವಂತಿಗೆ, ಬಾಳೆಕಂದು ರಸ್ತೆ ತನಕ ಹರಡಿರುತ್ತವೆ, ನೆಲ ಜಾರುತ್ತೆ.

ಕೊಪ್ಪಳದಿಂದ:

ಎಲ್ಲರಿಗೂ ಭಾಳ ಉಪಕಾರ ಆತು. ಇನ್ನೊಂದ್ ಕೇಳಬೇಕಿತ್ತು. ಇಷ್ಟು ದೂರ ಬಂದೀವಿ ಅಂತ ಒಂದ್ ದಿನ ಮೈಸೂರು ದಸರಾನೂ ನೋಡಬಹುದೇನು? ಮತ್ತ ಶುಕ್ರವಾರ ರೂಮ್ ಬಿಟ್ಟ ಮ್ಯಾಲೆ ಚೀಲ ಎಲ್ಲಿ ಇಡೋದು?

ರಾಜಾಜಿನಗರದಿಂದ:

ಜಂಬೂಸವಾರಿ ದಿನ ಬೇಡವೇ ಬೇಡ. ಗಂಟೆಗಟ್ಟಲೆ ಮೊದಲೇ ಹೋಗಿ ಜಾಗ ಹಿಡಿದು ನಿಲ್ಲಬೇಕು, ಅಪ್ಪನಿಂದ ಆಗಲ್ಲ. ಬೇರೆ ದಿನವಾದ್ರೆ ಗುರುವಾರದ ಕೋಟೆ, ಸೀರೆ ಬಿಟ್ಟು ಬೆಳಗಿನ ರೈಲಿಗೆ ಹೋಗಿ, ಅರಮನೆ ಒಳಗೆ ನೋಡಿ, ದೀಪ ಹತ್ತಿದ ಮೇಲೆ ಹೊರಗಿಂದ ನೋಡ್ಕೊಂಡು ರಾತ್ರಿ ವಾಪಸ್ ಬರಬಹುದು. ಹೋಗಿ ಬರೋ ಎರಡೂ ಟಿಕೆಟ್ ಈಗಲೇ ಕಾಯ್ದಿರಿಸಿ, ಸಿಗದಿದ್ರೆ ಆ ಯೋಚನೆ ಬಿಟ್ಟುಬಿಡಿ.

ಚೀಲ ರೂಮಿನೋರೇ ಇಟ್ಕೋತಾರೆ, ಬುಕ್ ಮಾಡುವಾಗಲೇ ಕೇಳಿ. ಇಲ್ಲ ಅಂದ್ರೆ ಮೆಜೆಸ್ಟಿಕ್ ರೈಲು ನಿಲ್ದಾಣದ ಕ್ಲೋಕ್ ರೂಮ್ ಇದೆ, ಅಲ್ಲಿ ಬೀಗ ಹಾಕದ ಚೀಲ ತಗೊಳ್ಳಲ್ಲ. ಊರಿಂದ ಬರುವಾಗಲೇ ಚೀಲಕ್ಕೊಂದು ಸಣ್ಣ ಬೀಗ ತನ್ನಿ. ಶುಕ್ರವಾರ ಸಂಜೆ ಆರರಿಂದ ಒಂಬತ್ತರವರೆಗೆ ಊರಿಗೆ ಹೊರಟವರ ಗಾಡಿಗಳಿಂದ ತುಮಕೂರು ರಸ್ತೆ ಕಟ್ಟಿಕೊಂಡಿರುತ್ತೆ. ನಿಮ್ಮ ಬಸ್ಸಿಗೆ ಯಶವಂತಪುರ ಅಥವಾ ಗೊರಗುಂಟೆಪಾಳ್ಯದಲ್ಲಿ ಹತ್ತುವ ಜಾಗ ಇದೆಯಾ ನೋಡಿ, ಇದ್ರೆ ಅಲ್ಲಿ ತನಕ ಮೆಟ್ರೋದಲ್ಲಿ ಹೋಗಿ.